ಒದ್ದೆ ಕಾಲಿನವರ ಗೋಡೆ

"ಗುರುಗಳೇ, ಮಕ್ಕಳು ಬರೆದದ್ದನ್ನು ಯಾರು ಬೇಕಾದರೂ ಅಳಿಸಬಹುದು ಎಂದಾದರೆ, ಅವರ ಕೈಯಲ್ಲಿ ಬರೆಸುವುದಾದರೂ ಏಕೆ?"

ಕೇಳಿದವಳು ಇಂದುಮತಿ. ಏಳನೆಯ ತರಗತಿಗೆ ಪಾಠ ಹೇಳುವ ಶಿಕ್ಷಕಿ. ಅವಳಿಗೆ ಅಕ್ಷರ ಕಲಿಸಿದ ಗುರುಗಳು ನಿವೃತ್ತರಾಗಿ ಬಹಳ ವರ್ಷವಾಗಿತ್ತು. ಅವರು ಜಗಲಿಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದರು.

"ಏನಾಯಿತು, ಸರಿಯಾಗಿ ಹೇಳು. ಅರ್ಧ ಹೊಟ್ಟೆಯಲ್ಲಿಟ್ಟುಕೊಂಡು ಅರ್ಧ ಕೇಳಬೇಡ" ಎಂದರು ಗುರುಗಳು.

ಇಂದುಮತಿ ಹೇಳಿದಳು. ಅವಳ ತರಗತಿಯ ಮಕ್ಕಳು ಅಂತರ್ಜಾಲದ ಮುಕ್ತ ವಿಶ್ವಕೋಶದಲ್ಲಿ ತಮ್ಮ ತಮ್ಮ ಊರಿನ ಬಗ್ಗೆ ಬರೆಯುತ್ತಿದ್ದರು. ಅಲ್ಲಿ ಯಾರು ಬೇಕಾದರೂ ಓದಬಹುದು, ಬರೆಯಬಹುದು, ಬರೆದದ್ದನ್ನು ತಿದ್ದಬಹುದು. ಒಬ್ಬ ಹುಡುಗಿ ತನ್ನ ಊರಿನ ಮೆಟ್ಟಿಲುಬಾವಿಯ ಬಗ್ಗೆ ನಾಲ್ಕು ಸಾಲು ಬರೆದು, ಅಜ್ಜಿಗೆ ಓದಿ ಹೇಳಿ, ಊರೆಲ್ಲ ಸುತ್ತಿ ಬಂದಿದ್ದಳು. ಮೂರನೆಯ ದಿನ ನೋಡಿದರೆ 'ಈ ಬಾವಿ ಎಂದೂ ಬತ್ತಿಲ್ಲ' ಎಂಬ ಸಾಲು ಇರಲಿಲ್ಲ. ಎಲ್ಲಿಯವನೋ ಯಾರೋ ಅದನ್ನು ತೆಗೆದು, 'ಇದಕ್ಕೆ ಆಧಾರವೇನು?' ಎಂದು ಕೇಳಿದ್ದ. ಹುಡುಗಿ ಬೆಂಚಿನ ಮೇಲೆ ತಲೆಯಿಟ್ಟು ಅತ್ತಳು. ಮರುದಿನ ಅವಳ ಅಪ್ಪ ಶಾಲೆಗೆ ಬಂದು, ಅಳಿಸಲು ಅವನ್ಯಾರು ಎಂದು ಜೋರು ಮಾಡಿ ಹೋದ.

"ಸೋಮವಾರದಿಂದ ನಿಲ್ಲಿಸಿಬಿಡುತ್ತೇನೆ ಗುರುಗಳೇ. ಪಠ್ಯಪುಸ್ತಕದಲ್ಲಿರುವುದನ್ನು ಓದಿಕೊಳ್ಳಲಿ, ಸಾಕು. ಅದನ್ನಾದರೂ ಯಾರೂ ಅಳಿಸುವುದಿಲ್ಲ."

"ಯಾರೂ ಅಳಿಸುವುದಿಲ್ಲ!" ಎಂದು ಗುರುಗಳು ಅವಳ ಮಾತನ್ನೇ ತಿರುಗಿಸಿ ಅಂದರು. ಶೇಂಗಾದ ಬುಟ್ಟಿಯನ್ನು ಪಕ್ಕಕ್ಕೆ ತಳ್ಳಿದರು. "ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಿದೆಯೋ, ಎದ್ದು ಒಳಗೆ ಹೋಗಿಬಿಡುತ್ತೇನೆ."

ಇಂದುಮತಿ ಕೂತಳು. ಗುರುಗಳು ಹೇಳತೊಡಗಿದರು.

ಒಂದು ಹೊಳೆ. ಈ ದಡದಲ್ಲಿ ಒಂದು ಊರು. ಆ ದಡದಲ್ಲಿ ಸಂತೆ, ದವಾಖಾನೆ, ದೊಡ್ಡ ಶಾಲೆ, ಬಸ್ಸು. ನಡುವೆ ಒಬ್ಬ ಅಂಬಿಗ, ಅವನದೊಂದು ಹರಿಗೋಲು. ಈಗ ಅಲ್ಲಿ ಸೇತುವೆ ಬಂದಿದೆ. ಎರಡು ನಿಮಿಷದಲ್ಲಿ ದಾಟುತ್ತಾರೆ, ಹೊಳೆಯ ಕಡೆ ತಿರುಗಿಯೂ ನೋಡುವುದಿಲ್ಲ. ಆಗ ಹಾಗಿರಲಿಲ್ಲ. ಆಗ ಹೊಳೆ ದಾಟಬೇಕೆಂದರೆ ಮೊದಲು ಹೊಳೆಯನ್ನು ನೋಡಬೇಕು, ಆಮೇಲೆ ಅಂಬಿಗನ ಮುಖ ನೋಡಬೇಕು.

ಆ ಹೊಳೆಯ ತುಂಬ ಬಂಡೆಗಳು. ನೀರ ಮೇಲೆ ಕಾಣುವವು ಕಡಿಮೆ, ಕೆಳಗೆ ಅಡಗಿದವು ಹೆಚ್ಚು. ಪ್ರತಿ ವರ್ಷ ಪೂರ ಬಂದು ಹೊಳೆ ಉಕ್ಕಿದಾಗ ಉಸುಕು ಜಾಗ ಬದಲಿಸುತ್ತದೆ. ಹೋದ ವರ್ಷ ಆಳವಿದ್ದಲ್ಲಿ ಈ ವರ್ಷ ದಿಬ್ಬ. ದಿಬ್ಬವಿದ್ದಲ್ಲಿ ಸುಳಿ. ಅದಕ್ಕೇ ಪೂರ ಇಳಿದ ಮೇಲೆ ಅಂಬಿಗ ಒಬ್ಬನೇ ಹರಿಗೋಲಿನಲ್ಲಿ ಹೋಗಿ, ಉದ್ದನೆಯ ಗಳ ಇಳಿಸಿ ಇಳಿಸಿ ತಳ ನೋಡಿ, ಆ ವರ್ಷದ ದಾರಿ ಹುಡುಕುತ್ತಿದ್ದ. ಹುಡುಕಿದ್ದನ್ನು ಯಾರಿಗೂ ಹೇಳುತ್ತಿರಲಿಲ್ಲ. 'ದಾರಿ ಎಲ್ಲರಿಗೂ ಹೇಳಿಬಿಟ್ಟರೆ ಅಂಬಿಗ ಯಾಕೆ ಬೇಕು?' ಎನ್ನುತ್ತಿದ್ದ. ಅವನು ಕೆಟ್ಟವನಲ್ಲ. ಅವನಪ್ಪ ಅವನಿಗೆ ಹಾಗೆ ಕಲಿಸಿದ್ದ, ಅಷ್ಟೆ.

ಒಂದು ವರ್ಷ ಅವನು ದಾರಿ ಹುಡುಕಿಕೊಂಡು ಬಂದ ಮರುದಿನವೇ ಚಳಿಜ್ವರ ಹಿಡಿದು ಮಲಗಿದ. ಎಚ್ಚರ ತಪ್ಪಿತು. ಅದೇ ದಿನ ಊರಿನ ಬಟ್ಟೆ ಒಗೆಯುವ ಹೆಂಗಸಿಗೆ ಹೆರಿಗೆ ನೋವು ಬಂತು. ಕೂಸು ಅಡ್ಡ ತಿರುಗಿದೆ, ದವಾಖಾನೆಗೆ ಒಯ್ಯಿರಿ ಎಂದಳು ಸೂಲಗಿತ್ತಿ. ಹೆಂಗಸನ್ನು ಹೊಳೆಯ ಮೆಟ್ಟಿಲವರೆಗೆ ಹೊತ್ತು ತಂದರು. ಹರಿಗೋಲಿತ್ತು. ಹುಟ್ಟು ಹಾಕಬಲ್ಲ ಗಂಡಸರು ನಾಲ್ಕಾರು ಮಂದಿ ಇದ್ದರು. ದಾರಿ ಮಾತ್ರ ಜ್ವರದಲ್ಲಿ ಮಲಗಿದವನ ತಲೆಯೊಳಗಿತ್ತು. ಯಾರಿಗೂ ಹರಿಗೋಲು ಬಿಡುವ ಧೈರ್ಯ ಬರಲಿಲ್ಲ. ಹೆಂಗಸು ಹೇಗೋ ಉಳಿದಳು. ಕೂಸು ಉಳಿಯಲಿಲ್ಲ.

ಜ್ವರ ಬಿಟ್ಟ ಮೇಲೆ ಅಂಬಿಗನಿಗೆ ಸುದ್ದಿ ಗೊತ್ತಾಯಿತು. ಮೂರು ದಿನ ಅವನು ಹೊಳೆಯ ಕಡೆಗೇ ಹೋಗಲಿಲ್ಲ. ನಾಲ್ಕನೆಯ ದಿನ ಶಾಲೆಯ ಬಾಗಿಲಲ್ಲಿ ಬಂದು ನಿಂತ. ಊರಿನದು ಒಂದೇ ಕೋಣೆಯ ಶಾಲೆ, ಒಬ್ಬರೇ ಮೇಷ್ಟ್ರು.

'ಮೇಷ್ಟ್ರೇ, ನನಗೆ ಬರೆಯಲು ಬಾರದು. ಹೊಳೆಯ ದಾರಿ ಹೇಳುತ್ತೇನೆ, ಈ ಮಕ್ಕಳ ಕೈಯಲ್ಲಿ ಬರೆಸಿರಿ' ಎಂದ.

'ಬರೆಸಿದರೆ ಊರೆಲ್ಲ ಓದುತ್ತದಲ್ಲೋ?' ಎಂದರು ಮೇಷ್ಟ್ರು.

'ಓದಲಿ ಅಂತಲೇ ಬಂದೆ' ಎಂದ ಅಂಬಿಗ.

ಶಾಲೆಯ ಹಿಂದಿನ ಗೋಡೆ ಹೊಳೆಯ ಮೆಟ್ಟಿಲಿಗೆ ಎದುರಾಗಿತ್ತು. ಮಕ್ಕಳು ಇದ್ದಿಲು ಅರೆದು, ಸೊಪ್ಪಿನ ರಸ ಕಲಸಿ, ಆ ಗೋಡೆಗೆ ಬಳಿದರು. ಇಡೀ ಗೋಡೆ ಒಂದು ಕರಿಹಲಗೆಯಾಯಿತು. ಅಂಬಿಗ ಹೇಳಿದ, ಮಕ್ಕಳು ಸೀಮೆಸುಣ್ಣದಲ್ಲಿ ಬರೆದರು. ಮೊದಲ ಬಂಡೆಯಿಂದ ಎಷ್ಟು ಮಾರು, ಅಲ್ಲಿಂದ ಯಾವ ಮರಕ್ಕೆ ನೇರ, ಸುಳಿ ಎಲ್ಲಿ, ದಿಬ್ಬ ಎಲ್ಲಿ, ಎಲ್ಲ ಬರೆದರು. ಅಂದು ಆ ಮಕ್ಕಳ ಮುಖ ನೋಡಬೇಕಿತ್ತು. ಅಲ್ಲಿಯವರೆಗೆ ಅವರು ಬರೆದದ್ದನ್ನು ಓದುತ್ತಿದ್ದವರು ಮೇಷ್ಟ್ರು ಒಬ್ಬರೇ. ಈಗ ಊರಿಗೆ ಊರೇ ಬಂದು ನಿಂತು ಓದುತ್ತಿತ್ತು. ಓದಲು ಬಾರದವರು, 'ಏ, ಅದೇನು ಬರೆದೀರಿ, ಜೋರಾಗಿ ಹೇಳಿರಿ' ಎನ್ನುತ್ತಿದ್ದರು.

ಮೇಷ್ಟ್ರು ಒಂದು ಕಟ್ಟಳೆ ಮಾಡಿದರು. ಹೊಳೆ ದಿನಕ್ಕೊಂದು ಥರ ಇರುತ್ತದೆ. ಆದ್ದರಿಂದ ಗೋಡೆಯ ಮೇಲಿನ ಮಾತನ್ನು ಯಾರು ಬೇಕಾದರೂ ಅಳಿಸಿ ತಿದ್ದಬಹುದು. ಆದರೆ ಅಳಿಸುವವರ ಕಾಲು ಒದ್ದೆಯಾಗಿರಬೇಕು. ಅಂದರೆ ಹೊಳೆಗಿಳಿದು ಕಣ್ಣಾರೆ ನೋಡಿ ಬಂದಿರಬೇಕು. ಯಾಕೆ ಅಳಿಸಿದೆ ಎಂದು ಪಕ್ಕದಲ್ಲಿ ಬರೆದು ಹೆಸರು ಹಾಕಬೇಕು. ಒಣ ಕಾಲಿನವರು ಓದಬಹುದು, ಗೋಡೆಗೆ ಕೈ ಹಚ್ಚಬಾರದು, ಅವರು ಊರ ಗೌಡರೇ ಆಗಲಿ, ಸ್ವತಃ ಮೇಷ್ಟ್ರೇ ಆಗಲಿ.

ಹದಿನೈದು ದಿನ ಕಳೆಯಿತು. ಮೇಲಿನ ಕಡೆ ಎಲ್ಲೋ ಮಳೆಯಾಗಿ ಹೊಳೆ ಒಂದು ದಿನ ಕೆಂಪಾಗಿ ಹರಿಯಿತು. ಮರುದಿನ ಬೆಳಿಗ್ಗೆ ನೋಡಿದರೆ ಅಂಬಿಗ ಹೇಳಿದ ಒಂದು ಸಾಲನ್ನು ಯಾರೋ ಅಳಿಸಿದ್ದರು. ಯಾರು? ಬಟ್ಟೆ ಒಗೆಯುವ ಆ ಹೆಂಗಸಿನ ಮಗಳು, ನಾಲ್ಕನೆಯ ತರಗತಿಯ ದ್ಯಾಮಿ.

ಅಂಬಿಗ ಕೆಂಡವಾದ. 'ಮೂಗು ಒರೆಸಿಕೊಳ್ಳಲು ಬಾರದ ಹುಡುಗಿ ನನ್ನ ಮಾತು ಅಳಿಸುತ್ತಾಳೆಯೇ! ಇಪ್ಪತ್ತೆಂಟು ವರ್ಷ ಹುಟ್ಟು ಹಾಕಿದ್ದೇನೆ! ಇದಕ್ಕೇ ಏನು ನಾನು ಮರ್ಯಾದೆ ಬಿಟ್ಟು ನಿಮ್ಮ ಬಾಗಿಲಿಗೆ ಬಂದದ್ದು?' ಎಂದು ಕೂಗಾಡಿ, ಹುಟ್ಟನ್ನು ಮೆಟ್ಟಿಲ ಮೇಲೆ ಎಸೆದು ಮನೆಗೆ ಹೋದ. ಎರಡು ದಿನ ಹರಿಗೋಲು ಕಟ್ಟಿಯೇ ಇತ್ತು. ದ್ಯಾಮಿ ಹೆದರಿ ಶಾಲೆಗೇ ಬರಲಿಲ್ಲ. ಗೋಡೆಯನ್ನೇ ತೊಳೆದುಬಿಡೋಣವೇ ಎಂದು ಮೇಷ್ಟ್ರೂ ಯೋಚಿಸಿದರು. ನೀನು ಈಗ ಯೋಚಿಸುತ್ತಿದ್ದೀಯಲ್ಲ, ಹಾಗೆಯೇ.

ಮೂರನೆಯ ದಿನ ಬೆಳಿಗ್ಗೆ ಅಂಬಿಗ ಯಾರಿಗೂ ಹೇಳದೆ ಗಳ ಹಿಡಿದು ಹೊಳೆಗಿಳಿದ. ಸ್ವಲ್ಪ ಹೊತ್ತಿಗೆ ಸೊಂಟದವರೆಗೆ ತೊಯ್ದುಕೊಂಡು ಮೇಲೆ ಬಂದ. ಗೋಡೆಯ ಮುಂದೆ ನಿಂತು ದ್ಯಾಮಿಗೆ ಹೇಳಿ ಕಳಿಸಿದ. ಅವಳು ಅವ್ವನ ಸೆರಗು ಹಿಡಿದುಕೊಂಡು ಬಂದಳು.

'ಅದೇನು ಬರೆದೀಯ, ಓದು' ಎಂದ ಅಂಬಿಗ.

ದ್ಯಾಮಿ ಓದಿದಳು. 'ಇಲ್ಲಿ ಉಸುಕು ಬಂದಿದೆ. ನಮ್ಮವ್ವನ ಮೊಣಕಾಲಿನಷ್ಟೇ ನೀರು. ಹರಿಗೋಲು ಸಿಕ್ಕಿಕೊಳ್ಳುತ್ತದೆ.'

ಅಂಬಿಗ ಅವಳ ಅವ್ವನನ್ನು ಮೇಲಿನಿಂದ ಕೆಳಗೆ ನೋಡಿದ. 'ನಿಮ್ಮವ್ವ ಎತ್ತರದ ಹೆಂಗಸು. ಉಳಿದವರಿಗೆ ತೊಡೆಯಷ್ಟು ಬರುತ್ತದೆ. ಅದನ್ನೂ ಬರೆ' ಎಂದ.

ಅಷ್ಟೇ. ಹೋಗಿ ಹರಿಗೋಲು ಬಿಚ್ಚಿದ. ಅಂದಿನಿಂದ ದ್ಯಾಮಿ ಗೋಡೆ ಓದಿ ಹೇಳುವವರೆಗೆ ಅವನು ಹರಿಗೋಲಿಗೆ ಕಾಲಿಡುತ್ತಿರಲಿಲ್ಲ.

ಆ ವರ್ಷಗಳು! ನೆನೆದರೆ ಈಗಲೂ ಹಿಗ್ಗಾಗುತ್ತದೆ, ತಾಯಿ. ಮೀನು ಹಿಡಿಯುವವರು ಬಂದು ಬರೆಸಿದರು. ಉಸುಕಿನಲ್ಲಿ ಕಲ್ಲಂಗಡಿ ಬೆಳೆಯುವವರು ಬಂದು ಬರೆಸಿದರು. ಯಾವ ವರ್ಷ ನೀರು ಎಷ್ಟನೆಯ ಮೆಟ್ಟಿಲಿಗೆ ಬಂದಿತ್ತು ಎಂದು ಮುದುಕಿಯರು ಜಗಳವಾಡಿ ಬರೆಸಿದರು. ಮಕ್ಕಳ ಕೈ ಸದಾ ಕಪ್ಪು, ಮೂಗಿನ ಮೇಲೆ ಸುಣ್ಣ. ಯಾವುದೋ ಪುಸ್ತಕದಿಂದ ನಕಲು ಮಾಡಿದ ಸಾಲು ಅಲ್ಲಿ ಒಂದೂ ಇರಲಿಲ್ಲ. ತನಿಖೆಗೆ ಬಂದ ಸಾಹೇಬರು, 'ಏನ್ರೀ ಇದು, ಗೋಡೆಯೆಲ್ಲ ಗಲೀಜು' ಎಂದರು. ಗಲೀಜೇ. ಅಷ್ಟು ಗಲೀಜು ಗೋಡೆಯನ್ನು ನಾನು ನೋಡಿಲ್ಲ. ಅಷ್ಟು ಚೆಂದದ್ದನ್ನೂ ನೋಡಿಲ್ಲ. ಒಂಬತ್ತು ವರ್ಷ ಆ ಹೊಳೆಯಲ್ಲಿ ಒಂದು ಜೀವವೂ ಹೋಗಲಿಲ್ಲ.

ಆಮೇಲೆ ಮೇಷ್ಟ್ರಿಗೆ ದೂರದೂರಿಗೆ ವರ್ಗವಾಯಿತು. ಅದೇ ವರ್ಷ ಅಂಬಿಗ ತೀರಿಕೊಂಡ.

ಊರಿನವರಿಗೆ ಅಂಬಿಗನ ಮೇಲೆ ಪ್ರಾಣ. ಅವನು ಹೇಳಿದ ಕೊನೆಯ ದಾರಿ ಅಳಿದು ಹೋಗಬಾರದು ಎಂದುಕೊಂಡರು. ಕಲ್ಲುಕುಟಿಗನನ್ನು ಕರೆಸಿ, ಆಳೆತ್ತರದ ಕಲ್ಲಿನ ಮೇಲೆ ಅವನ ಹೆಸರನ್ನೂ ಆ ದಾರಿಯ ಏಳು ಸಾಲುಗಳನ್ನೂ ಕೊರೆಸಿದರು. ಮೆಟ್ಟಿಲ ಪಕ್ಕದಲ್ಲಿ ನಿಲ್ಲಿಸಿದರು. ಕಲ್ಲಿಗೆ ಎಣ್ಣೆ ಹಚ್ಚಿದರು, ಕುಂಕುಮ ಇಟ್ಟರು, ಸೋಮವಾರ ಸೋಮವಾರ ಹೂವು ಏರಿಸಿದರು. ಕಲ್ಲಿನಲ್ಲಿ ಇದೆಯಲ್ಲ, ಇನ್ನು ಸೀಮೆಸುಣ್ಣ ಯಾಕೆ ಎಂದು ಗೋಡೆಗೆ ಸುಣ್ಣ ಹೊಡೆದರು. ಮಕ್ಕಳು ಒಳಗೆ ಕುಳಿತು ಕಾಪಿ ಬರೆಯತೊಡಗಿದರು. ಅಂಬಿಗನ ಅಳಿಯ ಹುಟ್ಟು ಹಿಡಿದ. ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಮಾವನ ದಾರಿಯಲ್ಲೇ ಹರಿಗೋಲು ಬಿಡುತ್ತಿದ್ದ. ಎರಡು ವರ್ಷ ಹೊಳೆ ಸಣ್ಣದಾಗಿಯೇ ಬಂದು ಹೋಯಿತು, ಉಸುಕು ಅಷ್ಟೇನೂ ಕದಲಲಿಲ್ಲ.

ಮೂರನೆಯ ವರ್ಷ ಮೇಷ್ಟ್ರಿಗೆ ಹಳೆಯ ಊರು ನೋಡುವ ಆಸೆಯಾಯಿತು. ಬಂದರು. ಬಂದ ಮರುದಿನವೇ ದೊಡ್ಡ ಪೂರ ಬಂತು. ಹತ್ತು ದಿನ ಅಲ್ಲೇ ಸಿಕ್ಕಿಕೊಂಡರು.

ಆ ಮೇಷ್ಟ್ರು ಯಾರು ಎಂದು ಕೇಳಬೇಡ. ನಿನಗೆ ಆಗಲೇ ಗೊತ್ತಾಗಿದೆ. ನಾನೇ.

ಸುಣ್ಣ ಹೊಡೆದ ಗೋಡೆ ನೋಡಿದಾಗ ನನಗೆ ಒಂದು ಗಳಿಗೆ ಹೇಗೋ ಆಯಿತು. ಆದರೆ ಆ ಕಲ್ಲು ನೋಡಿದೆ ನೋಡು, ಹಿಗ್ಗಿಬಿಟ್ಟೆ. ನಾನು ಹಾಕಿದ ಬೀಜ ಕಲ್ಲಿನಲ್ಲಿ ನಿಂತಿತಲ್ಲ, ಇನ್ನು ಯಾರೂ ಅಳಿಸುವ ಹಾಗಿಲ್ಲವಲ್ಲ ಎಂದು ಹಿಗ್ಗಿದೆ. ಕಲ್ಲಿಗೆ ಕೈ ಮುಗಿದೆ. ಥೂ, ನನ್ನ ಬುದ್ಧಿಗಿಷ್ಟು.

ಪೂರ ಇಳಿಯಿತು. ಹನ್ನೊಂದನೆಯ ದಿನ ಬೆಳಿಗ್ಗೆ ಹರಿಗೋಲು ಬಿಡುವುದೆಂದಾಯಿತು. ಆ ದಡದ ದೊಡ್ಡ ಶಾಲೆಗೆ ಹೋಗುವ ಹನ್ನೆರಡು ಮಕ್ಕಳು ಹತ್ತಿ ಕುಳಿತರು. ಬಸ್ಸು ಹಿಡಿಯಬೇಕೆಂದು ನಾನೂ ಕುಳಿತೆ. ಹುಟ್ಟು ಹಿಡಿದ ಅಳಿಯ ಹಗ್ಗಕ್ಕೆ ಕೈ ಹಾಕಿದ. ಅಷ್ಟರಲ್ಲಿ ಒಗೆಯುವ ಬಂಡೆಯ ಕಡೆಯಿಂದ ಒಬ್ಬಳು ಓಡಿ ಬಂದಳು. ದ್ಯಾಮಿ. ಎತ್ತರಕ್ಕೆ ಬೆಳೆದಿದ್ದಳು, ಅವಳವ್ವನ ಹಾಗೆ.

'ಬಿಡಬೇಡಿರಿ! ನಡುಬಂಡೆಯ ಹತ್ತಿರದ ಉಸುಕು ಕೊಚ್ಚಿ ಹೋಗಿದೆ. ಅಲ್ಲಿ ಸುಳಿ ತಿರುಗುತ್ತಿದೆ' ಎಂದಳು.

ಅಳಿಯ ನಕ್ಕ. 'ಹಾಗಾದರೆ ಕಲ್ಲಿನಲ್ಲಿ ಬರೆದದ್ದು ಸುಳ್ಳೇನೇ?' ಎಂದ. ದಡದಲ್ಲಿದ್ದವರೂ ನಕ್ಕರು. ಹಗ್ಗ ಅರ್ಧ ಬಿಚ್ಚಿತು.

ದ್ಯಾಮಿ ಏನು ಮಾಡಿದಳು ಗೊತ್ತೇ? ಬಗ್ಗಿ ಎರಡು ಕೈ ತುಂಬ ಕೆಸರು ತೆಗೆದಳು. ಮೆಟ್ಟಿಲು ಹತ್ತಿ ಹೋಗಿ ಆ ಕಲ್ಲಿನ ಮೇಲೆ ಬಳಿದಳು. ಹೂವು, ಕುಂಕುಮ, ಅಂಬಿಗನ ಹೆಸರು, ಎಲ್ಲದರ ಮೇಲೂ ಬಳಿದಳು.

ಊರು ಹೋ ಎಂದಿತು. ಅಳಿಯ ಹಗ್ಗ ಬಿಟ್ಟು ಅವಳ ಮೇಲೆ ಹಾರಿ ಬಂದ. ಹೆಂಗಸರು ಬಾಯಿ ಬಡಿದುಕೊಂಡರು. ನಾನೂ ಸುಮ್ಮನಿರಲಿಲ್ಲ. ಹರಿಗೋಲಿನಿಂದ ಇಳಿದು, 'ದ್ಯಾಮಿ, ನಾಚಿಕೆಯಾಗುವುದಿಲ್ಲವೇ? ಸತ್ತವನ ಹೆಸರಿಗೆ ಕೆಸರು ಬಳಿಯುತ್ತೀಯಾ? ಇದನ್ನೇ ಏನು ನಾನು ಕಲಿಸಿದ್ದು?' ಎಂದು ಗದರಿದೆ.

ಅವಳು ಅಳುತ್ತಿದ್ದಳು. ಆದರೆ ಹಿಂದೆ ಸರಿಯಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕೇಳಿದಳು. 'ಗುರುಗಳೇ, ಹತ್ತು ದಿನದಿಂದ ಈ ಕಲ್ಲಿಗೆ ಕೈ ಮುಗಿಯುತ್ತಿದ್ದೀರಿ. ಮೂರನೆಯ ಸಾಲಿನಲ್ಲಿ ಏನಿದೆ, ಹೇಳಿರಿ.'

ನನಗೆ ಗೊತ್ತಿರಲಿಲ್ಲ.

ಅಳಿಯನ ಕಡೆ ನೋಡಿದೆ. ಕೈಗೆ ರೂಢಿಯಾದ ದಾರಿಯಲ್ಲಿ ಹುಟ್ಟು ಹಾಕುತ್ತಿದ್ದನೇ ಹೊರತು, ಅವನಿಗೂ ಗೊತ್ತಿರಲಿಲ್ಲ. ಊರ ಗೌಡರಿಗೆ ಗೊತ್ತಿರಲಿಲ್ಲ. ಹರಿಗೋಲಿನಲ್ಲಿ ಕುಳಿತ ಹನ್ನೆರಡು ಮಕ್ಕಳು, ದೊಡ್ಡ ಶಾಲೆಗೆ ಹೋಗುವವರು, ಒಬ್ಬರಿಗೂ ಗೊತ್ತಿರಲಿಲ್ಲ. ಗೌಡರು ತಮ್ಮ ಹೆಗಲ ಮೇಲಿನ ವಸ್ತ್ರ ತೆಗೆದು ಕೆಸರು ಒರೆಸಿ ನೋಡಿದರು. ಕೆಸರಿನ ಕೆಳಗೆ ಅಕ್ಷರಗಳಿರಲಿಲ್ಲ. ಮೂರು ವರ್ಷದ ಎಣ್ಣೆ, ಕುಂಕುಮ ತುಂಬಿ ಸಾಲುಗಳು ಎಂದೋ ಮುಚ್ಚಿ ಹೋಗಿದ್ದವು. ಯಾರೂ ಗಮನಿಸಿರಲಿಲ್ಲ.

ನಾನು ಅವಳ ಕಾಲು ನೋಡಿದೆ. ನೀರು ಸೋರುತ್ತಿತ್ತು. ಅವಳು ನಿಂತ ಮೆಟ್ಟಿಲು ಒದ್ದೆಯಾಗಿತ್ತು. ನನ್ನ ಕಾಲು ಒಣಗಿತ್ತು. ಸುತ್ತ ನಿಂತು ಅವಳನ್ನು ಬೈಯುತ್ತಿದ್ದವರ ಕಾಲೆಲ್ಲ ಒಣಗಿತ್ತು. ಕಟ್ಟಳೆ ಮಾಡಿದವನು ನಾನು, ಇಂದುಮತಿ. ಮರೆತವನೂ ನಾನೇ. ನೆಲ ಬಾಯಿ ಬಿಟ್ಟಿದ್ದರೆ ಅಂದು ಒಳಗೆ ಇಳಿದುಬಿಡುತ್ತಿದ್ದೆ.

ಅಷ್ಟು ಹೊತ್ತಿಗೆ ಸುದ್ದಿ ಕೇಳಿ ಅಂಬಿಗನ ಹೆಂಡತಿ ಕೋಲೂರಿಕೊಂಡು ಬಂದಳು. ಜನ ದಾರಿ ಬಿಟ್ಟರು. ಗಂಡನ ಕಲ್ಲಿಗಾದ ಗತಿಯನ್ನು ಮುದುಕಿ ನೋಡಿದಳು. ದ್ಯಾಮಿಯ ಕೆಸರು ಕೈ ನೋಡಿದಳು. ಈಗ ಶಾಪ ಹಾಕುತ್ತಾಳೆ ಎಂದು ನಾವೆಲ್ಲ ಅಂದುಕೊಂಡೆವು.

ಮುದುಕಿ ಅಳಿಯನಿಗೆ, 'ಅವರ ಗಳ ಮನೆಯ ಜಂತೆಗೆ ಸಿಕ್ಕಿಸಿದೆ. ತಗೊಂಡು ಬಂದು ಹೊಳೆಗಿಳಿ' ಎಂದಳು. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕುಳಿತಳು.

ಅಳಿಯ ಗಳ ತಂದು, ಮಕ್ಕಳನ್ನು ದಡಕ್ಕೆ ಇಳಿಸಿ, ಒಬ್ಬನೇ ಹರಿಗೋಲಿನಲ್ಲಿ ಹೋದ. ನಡುಬಂಡೆಯ ಹತ್ತಿರ ಗಳ ಇಳಿಸಿದ. ಗಳಕ್ಕೆ ತಳ ಸಿಗಲಿಲ್ಲ. ಹರಿಗೋಲು ಗಿರ್ರನೆ ಎರಡು ಸುತ್ತು ತಿರುಗಿತು. ಹೇಗೋ ಬಂಡೆಗೆ ಗಳ ಊರಿ ತಪ್ಪಿಸಿಕೊಂಡು ಬಂದ. ದಡ ಹತ್ತಿದ. ಹನ್ನೆರಡು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನೋಡಿದ. ಆಮೇಲೆ ದ್ಯಾಮಿಯ ಕಾಲು ಮುಟ್ಟಲು ಬಗ್ಗಿದ. ಅವಳು, 'ಅದೆಲ್ಲ ಬೇಡ ಅಣ್ಣಾ, ಅಲ್ಲಿ ಎಷ್ಟು ಆಳವಿದೆ ಹೇಳು, ಬರೆಯಬೇಕು' ಎಂದಳು.

ಅಂದೇ ಮಧ್ಯಾಹ್ನ ಗೋಡೆಯ ಸುಣ್ಣ ಕೆರೆದರು. ಮಕ್ಕಳು ಇದ್ದಿಲು ಅರೆಯಲು ಕುಳಿತರು. ಹೇಗೆ ಅರೆಯಬೇಕೆಂದು ಅವರಿಗೆ ಗೊತ್ತಿರಲಿಲ್ಲ, ನಾನೇ ತೋರಿಸಿಕೊಟ್ಟೆ. ನನ್ನ ಕೈ ಮತ್ತೆ ಕಪ್ಪಾಯಿತು. ಆ ದಿನ ಬಸ್ಸು ತಪ್ಪಿತು. ತಪ್ಪಿದ್ದೇ ಒಳ್ಳೆಯದಾಯಿತು.

ಗುರುಗಳು ನಿಲ್ಲಿಸಿದರು. ಪಕ್ಕಕ್ಕೆ ತಳ್ಳಿದ್ದ ಬುಟ್ಟಿಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ಅವರ ಕಣ್ಣು ತುಂಬಿತ್ತು. ಅದನ್ನು ಅವರು ಮುಚ್ಚಿಡಲಿಲ್ಲ.

ಇಂದುಮತಿ ಮೆಲ್ಲಗೆ ಹೇಳಿದಳು. "ನಿಮ್ಮ ಮಾತು ತಿಳಿಯಿತು ಗುರುಗಳೇ. ಆದರೂ ಆ ಮಗು ಅಳುತ್ತಿದೆಯಲ್ಲ. ಅವಳಿಗೆ ಏನು ಹೇಳಲಿ? ಯಾರೋ ಗೊತ್ತಿಲ್ಲದವನು ಅವಳ ಸಾಲನ್ನು ಅಳಿಸಿಹಾಕಿದ."

ಗುರುಗಳು ಒಂದು ಶೇಂಗಾ ಸುಲಿದು, ಬೀಜವನ್ನು ಅವಳ ಅಂಗೈಯಲ್ಲಿಟ್ಟರು.

"ಅಳಿಸುವ ಮೊದಲು ಅವನು ಅದನ್ನು ಓದಿದ್ದಾನೆ, ಅಲ್ಲವೇ?"

"ಸೋಮವಾರ ಮಕ್ಕಳನ್ನು ಆ ಬಾವಿಯ ಹತ್ತಿರ ಕರೆದೊಯ್ದು, ನೋಡಿ ಕೇಳಿ ತಿಳಿದದ್ದನ್ನು ಅವಳ ಕೈಯಲ್ಲೇ ಮತ್ತೆ ಬರೆಸುತ್ತೇನೆ" ಎಂದು ಇಂದುಮತಿ ಎದ್ದಳು.